ಮೂರೂ ಮುಕ್ಕಾಲು

ಡೊಂಬಿವಲಿಯಲ್ಲಿ ಬಾಳುವವರಿಗೆ ಗಂಟೆಗಿಂತ ನಿಮಿಷ ದೊಡ್ಡದು. ಊರ ಕಡೆ ‘ಎಂಟು ಗಂಟೆಯ ಬಸ್ಸು’ ಎಂದರೆ ಎಂಟರ ಆಚೀಚೆ ಎಂದಾದರೊಮ್ಮೆ ತಿರುವಿನಲ್ಲಿ ಹಾರ್ನ್ ಕೇಳಿಸುವ ಬಸ್ಸು ಎಂದೇ ಅರ್ಥ. ಇಲ್ಲಿ ಹಾಗಲ್ಲ, ಇಲ್ಲಿ ರೈಲಿಗೆ ನಿಮಿಷವೇ ಹೆಸರು. ‘ಎಂಟು ಹದಿನಾಲ್ಕು ಸಿಕ್ಕಿತೇ?’ ‘ಇಲ್ಲ, ಎಂಟು ಹತ್ತೊಂಬತ್ತಕ್ಕೆ ಬಂದೆ’ ಎಂಬ ಮಾತುಗಳನ್ನು ಹೊರಗಿನವರು ಕೇಳಿದರೆ ಯಾವುದೋ ಲೆಕ್ಕದ ಪರೀಕ್ಷೆ ನಡೆದಿದೆ ಎಂದುಕೊಂಡಾರು. ಮದುವೆ ಮನೆಗಳಲ್ಲಿ ಪರಿಚಯ ಹೇಳುವಾಗಲೂ ‘ಇವರು ನಮ್ಮ ಏಳು ನಲವತ್ತೆಂಟರವರು’ ಎನ್ನುವುದುಂಟು. ಆ ಮಾತಿನಲ್ಲಿ ಗೋತ್ರ ಹೇಳುವಷ್ಟೇ ಗಾಂಭೀರ್ಯವಿರುತ್ತದೆ.

ಇಂಥ ಊರಿನಲ್ಲಿ ಬೆಳೆಯುವ ಮಗುವಿಗೆ ಹೊತ್ತು ನೋಡಲು ಯಾರೂ ಕಲಿಸಬೇಕಾಗಿಲ್ಲ ಎಂದು ತೋರುವುದು ಸಹಜ. ಪ್ಲಾಟ್‌ಫಾರ್ಮಿನ ಇಂಡಿಕೇಟರಿನಲ್ಲಿ, ಮೊಬೈಲಿನಲ್ಲಿ, ಸೆಟ್‌ಟಾಪ್ ಬಾಕ್ಸಿನಲ್ಲಿ, ಎಲ್ಲೆಲ್ಲೂ ಅಂಕಿಗಳು ಹೊಳೆಯುತ್ತಿರುತ್ತವೆ. ನಮ್ಮ ಮೊಮ್ಮಗಳು ಐದು ತುಂಬುವ ಮೊದಲೇ ‘ಏಳು, ಎರಡು ಚುಕ್ಕೆ, ಒಂದು, ಐದು’ ಎಂದು ಓದುತ್ತಿದ್ದಳು. ಆದರೆ ಅದು ಓದು ಮಾತ್ರ. ಬಸ್ಸಿನ ನಂಬರು ಓದಿದ ಹಾಗೆ. ಏಳು ಹದಿನೈದಕ್ಕೆ ಇನ್ನೆಷ್ಟು ಹೊತ್ತಿದೆ, ಅದು ದೂರವೋ ಹತ್ತಿರವೋ, ಅಷ್ಟರೊಳಗೆ ಒಂದು ಚಿತ್ರ ಬರೆದು ಮುಗಿಸಬಹುದೋ ಇಲ್ಲವೋ ಎಂಬುದನ್ನು ಆ ಅಂಕಿಗಳು ಅವಳಿಗೆ ಹೇಳುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದುದು ಅದೊಂದೇ.

ಏಕೆಂದರೆ ಏಳೂ ಕಾಲು ಅವಳ ಅಮ್ಮ ಮನೆಗೆ ಬರುವ ಹೊತ್ತು. ನಮ್ಮ ಮಗಳ ಕಚೇರಿ ನವಿ ಮುಂಬಯಿಯ ಐರೋಲಿಯಲ್ಲಿ. ಬೆಳಿಗ್ಗೆ ಡೊಂಬಿವಲಿಯಿಂದ ಥಾಣೆ, ಅಲ್ಲಿ ಗಾಡಿ ಬದಲಿಸಿ ಐರೋಲಿ. ಸಂಜೆ ಅದೇ ದಾರಿ ಹಿಮ್ಮುಖವಾಗಿ. ಅಳಿಯನ ಕೆಲಸ ಮುಂಬಯಿಯಲ್ಲಿ. ಅವರು ಬರುವುದು ಇನ್ನೂ ತಡ. ಶಾಲೆಯಿಂದ ಮಧ್ಯಾಹ್ನ ಬಂದ ಮಗು ಕತ್ತಲಾಗುವವರೆಗೆ ಅಜ್ಜ-ಅಜ್ಜಿಯರಾದ ನಮ್ಮಿಬ್ಬರ ಪಾಲಿಗೆ. ಈ ಪಟ್ಟಣಗಳಲ್ಲಿ ಇದು ಮನೆಮನೆಯ ಕಥೆ. ಕಲ್ಯಾಣ್‌ನಿಂದ ಥಾಣೆಯವರೆಗೆ ಯಾವ ಕಟ್ಟಡದ ಅಂಗಳಕ್ಕೆ ಹೋದರೂ ಸಂಜೆ ಐದರಿಂದ ಏಳರವರೆಗೆ ಮಕ್ಕಳೂ ಮುದುಕರೂ ಮಾತ್ರ ಕಾಣಿಸುತ್ತಾರೆ. ನಡುವಿನ ತಲೆಮಾರು ರೈಲಿನಲ್ಲಿರುತ್ತದೆ.

‘ಅಮ್ಮ ಯಾವಾಗ ಬರುತ್ತಾಳೆ?’ ಎಂಬ ಪ್ರಶ್ನೆ ನಾಲ್ಕು ಗಂಟೆಗೇ ಶುರುವಾಗುತ್ತಿತ್ತು. ನಮ್ಮ ಉತ್ತರಗಳೂ ಸಿದ್ಧವಿರುತ್ತಿದ್ದವು: ‘ಈಗ ಬರುತ್ತಾಳೆ’, ‘ಇನ್ನೇನು ಬಂದಳು’, ‘ಬಂದೇಬಿಟ್ಟಳು ನೋಡು’. ಕನ್ನಡದ ಈ ಜಾಣತನ ದೊಡ್ಡದು. ಇನ್ನೂ ಬಾರದವಳನ್ನು ಭೂತಕಾಲದ ಕ್ರಿಯಾಪದದಲ್ಲಿ ಕೂರಿಸಿ ಬಾಗಿಲವರೆಗೆ ತಂದು ನಿಲ್ಲಿಸುವ ಶಕ್ತಿ ನಮ್ಮ ಭಾಷೆಗೆ ಇದೆ. ಸಮಾಧಾನಕ್ಕೆ ಅದು ಒಳ್ಳೆಯ ಮದ್ದು. ಆದರೆ ‘ಇನ್ನೇನು ಬಂದಳು’ ಎಂಬುದು ಕೆಲವು ಸಲ ಐದು ನಿಮಿಷವೂ ಕೆಲವು ಸಲ ಎರಡು ಗಂಟೆಯೂ ಆಗುತ್ತದೆ ಎಂಬುದನ್ನು ಮಕ್ಕಳು ಬೇಗ ಗುರುತಿಸುತ್ತಾರೆ. ಒಂದು ದಿನ ಅವಳೇ ‘ನಿಜವಾದ ಈಗಲಾ, ಅಜ್ಜಿಯ ಈಗಲಾ?’ ಎಂದು ಕೇಳಿದಳು. ಅವಳಿಗೊಂದು ಅಳತೆ ಕೊಡಬೇಕು ಎಂದು ನಮಗೆ ಅನ್ನಿಸಿದ್ದು ಆಗಲೇ.

ಅಟ್ಟದಿಂದ ಒಂದು ಹಳೆಯ ಗೋಡೆ ಗಡಿಯಾರವನ್ನು ಇಳಿಸಿದೆವು. ಗಾಜು ತೆಗೆದು, ನಿಮಿಷದ ಮುಳ್ಳನ್ನೂ ಸೆಕೆಂಡಿನ ಮುಳ್ಳನ್ನೂ ಕಳಚಿಟ್ಟೆವು. ಉಳಿದದ್ದು ಗಂಟೆಯ ಮುಳ್ಳೊಂದೇ. ಇದರಲ್ಲಿ ಹೊಸತೇನೂ ಇಲ್ಲ. ಯುರೋಪಿನ ಮೊದಲ ಯಾಂತ್ರಿಕ ಗಡಿಯಾರಗಳಿಗೆ ಇದ್ದುದೂ ಒಂದೇ ಮುಳ್ಳು. ಹದಿನೇಳನೆಯ ಶತಮಾನದ ನಡುವಿನಲ್ಲಿ ಡಚ್ ವಿಜ್ಞಾನಿ ಹೈಗೆನ್ಸ್ ಲೋಲಕದ ಗಡಿಯಾರ ಮಾಡಿ ತೋರಿಸಿದ ನಂತರವೇ ನಿಮಿಷವನ್ನು ನಂಬಿಕೆಯಿಂದ ತೋರಿಸುವುದು ಸಾಧ್ಯವಾಗಿ, ಎರಡನೆಯ ಮುಳ್ಳು ಎಲ್ಲೆಡೆ ಬಳಕೆಗೆ ಬಂದಿತು. ಅಲ್ಲಿಯವರೆಗೆ ಜನ ಒಂದೇ ಮುಳ್ಳನ್ನು ನೋಡಿ ‘ಮೂರು ದಾಟಿದೆ, ನಾಲ್ಕು ಆಗಿಲ್ಲ’ ಎಂದು ತಿಳಿಯುತ್ತಿದ್ದರು. ಮಗುವೂ ಅಲ್ಲಿಂದಲೇ ಹೊರಡಲಿ ಎಂದು ನಮ್ಮ ಲೆಕ್ಕ. ಒಂದು ವಾರ ಆಟ ಇಷ್ಟೇ: ಮುಳ್ಳು ಯಾವ ಮನೆ ಬಿಟ್ಟಿತು, ಯಾವ ಮನೆಗೆ ಹೊರಟಿದೆ? ದಾರಿಯ ಮೊದಲಲ್ಲಿದೆಯೋ, ನಡುವೆ ಇದೆಯೋ, ಕೊನೆಗೆ ಬಂದಿದೆಯೋ?

ಯಾವ ದಿಕ್ಕಿಗೆ ತಿರುಗುತ್ತದೆ ಎಂಬುದನ್ನು ಹೇಳಿಕೊಡುವ ಕಷ್ಟವೇ ಬರಲಿಲ್ಲ. ದೇವಸ್ಥಾನದಲ್ಲಿ ನಾವು ಹೇಗೆ ಸುತ್ತು ಬರುತ್ತೇವೋ ಹಾಗೆ ಎಂದೆವು. ಪ್ರದಕ್ಷಿಣೆ ಅವಳಿಗೆ ಗೊತ್ತಿತ್ತು. ಸೂರ್ಯನ ನೆರಳಿನ ಗಡಿಯಾರದಲ್ಲಿ, ಭೂಮಿಯ ಉತ್ತರಾರ್ಧದಲ್ಲಿ, ನೆರಳು ಸರಿಯುವುದೂ ಅದೇ ದಿಕ್ಕಿಗೆ. ಯಂತ್ರದ ಗಡಿಯಾರ ಮಾಡಿದವರು ಅದನ್ನೇ ಉಳಿಸಿಕೊಂಡರು. ಅಂಗಳದಲ್ಲಿ ಒಂದು ಕೋಲು ನೆಟ್ಟು ಅದನ್ನೂ ತೋರಿಸಬಹುದಿತ್ತು. ಆದರೆ ನಮ್ಮ ಕಟ್ಟಡಕ್ಕೂ ಪಕ್ಕದ ಕಟ್ಟಡಕ್ಕೂ ನಡುವೆ ಬಿಸಿಲು ಬೀಳುವುದೇ ದಿನಕ್ಕೆ ಒಂದೂವರೆ ಗಂಟೆ.

ಹೆಸರುಗಳ ತಕರಾರು ಮಾತ್ರ ಬಂತು. ‘ಇದಕ್ಕೆ ಮುಳ್ಳು ಎಂದೇಕೆ ಹೆಸರು? ಚುಚ್ಚುತ್ತದೆಯೇ? ಟೀಚರ್ ಹ್ಯಾಂಡ್ ಅನ್ನುತ್ತಾರೆ.’ ಎದುರು ಮನೆಯ ಮರಾಠಿ ಆಜಿಯವರು ಅದನ್ನು ‘ಕಾಟಾ’ ಎನ್ನುತ್ತಾರೆ, ಅದೂ ಮುಳ್ಳೇ. ಇಂಗ್ಲಿಷಿನ ಗಡಿಯಾರಕ್ಕೆ ಕೈಗಳಿವೆ, ನಮ್ಮ ಎರಡೂ ಮನೆಗಳ ಗಡಿಯಾರಕ್ಕೆ ಮುಳ್ಳುಗಳಿವೆ ಎಂದು ಒಪ್ಪಂದವಾಯಿತು. ‘ಗಂಟೆ’ ಎಂದರೆ ದೇವರ ಮನೆಯ ಗಂಟೆಯೇ ಎಂಬುದು ಮುಂದಿನ ಪ್ರಶ್ನೆ. ಹೌದು, ಅದೇ. ಹೊತ್ತನ್ನು ಜನ ಕಣ್ಣಿನಿಂದ ನೋಡುವ ಮೊದಲು ಕಿವಿಯಿಂದ ಕೇಳುತ್ತಿದ್ದರು. ಮರಾಠಿಯವರು ಇಂದಿಗೂ ಕೇಳುವುದು ‘ಕಿತಿ ವಾಜಲೆ?’ ಎಂದು, ಅಂದರೆ ಎಷ್ಟು ಬಾರಿಸಿತು ಎಂದು. ಮುಂಬಯಿ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರದ ಬಗ್ಗೆಯೂ ಇಂಥದೊಂದು ಕಥೆ ಪ್ರಚಲಿತದಲ್ಲಿದೆ. 1878ರಲ್ಲಿ ಪೂರ್ಣಗೊಂಡ ಆ ಗೋಪುರಕ್ಕೆ ಹಣ ಕೊಟ್ಟ ಪ್ರೇಮಚಂದ್ ರಾಯಚಂದ್ ಅದಕ್ಕೆ ತಮ್ಮ ತಾಯಿಯ ಹೆಸರಿಟ್ಟರು. ಆ ತಾಯಿಗೆ ಕಣ್ಣು ಕಾಣಿಸುತ್ತಿರಲಿಲ್ಲವಂತೆ. ಸೂರ್ಯಾಸ್ತದ ಮೊದಲೇ ಊಟ ಮುಗಿಸಬೇಕಾದ ಜೈನ ವ್ರತಸ್ಥೆಗೆ ಗೋಪುರದ ಗಂಟೆಯ ದನಿಯೇ ಹೊತ್ತು ತಿಳಿಸುತ್ತಿತ್ತಂತೆ. ಈ ಕಥೆ ಮಗುವಿಗೆ ಬಹಳ ಹಿಡಿಸಿತು. ಮಗ ಅಮ್ಮನಿಗಾಗಿ ಗಡಿಯಾರ ಕಟ್ಟಿಸಿದ್ದು ಅವಳ ದೃಷ್ಟಿಯಲ್ಲಿ ತೀರ ನ್ಯಾಯವಾದ ಕೆಲಸ.

ಎರಡನೆಯ ವಾರ ದೊಡ್ಡ ಮುಳ್ಳನ್ನು ಮರಳಿ ಕೂರಿಸಿದೆವು. ಶಾಲೆಯ ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿ ಐದರ ಮಗ್ಗಿಯನ್ನು ತರುತ್ತವೆ. ‘ಐದೊಂದ್ಲ ಐದು, ಐದೆರಡ್ಲ ಹತ್ತು’ ಎಂದು ರಾಗವಾಗಿ ಹೇಳಿಕೊಡುವ ಆಸೆ ನಮಗೂ ಇತ್ತು. ಆದರೆ ಮಗ್ಗಿಗಿಂತ ಮೊದಲು ಪಾಲು ಬರಬೇಕು ಎಂಬುದು ನಮ್ಮಲ್ಲೊಬ್ಬರ ಹಟ. ಅದಕ್ಕೆ ಬಳಸಿದ್ದು ದೋಸೆ. ಇಡೀ ದೋಸೆ ಒಂದು ಗಂಟೆ. ನಡುವೆ ಮಡಚಿದರೆ ಅರೆ, ಇನ್ನೊಮ್ಮೆ ಮಡಚಿದರೆ ಕಾಲು. ಕಾಲು ತಿಂದರೆ ಉಳಿಯುವುದು ಮುಕ್ಕಾಲು. ದೊಡ್ಡ ಮುಳ್ಳು ಹನ್ನೆರಡರಿಂದ ಮೂರಕ್ಕೆ ಬಂದರೆ ಕಾಲು ದೋಸೆ ಮುಗಿಯಿತು.

‘ಗಡಿಯಾರಕ್ಕೆ ಕಾಲೂ ಇದೆಯಾ?’ ಎಂದು ನಗು ಬಿದ್ದುಹೋಯಿತು. ಇದೆ ಎಂದೆವು. ನಾಲ್ಕು ಕಾಲಿನ ಮಂಚಕ್ಕೆ ಒಂದು ಕಾಲು ನಾಲ್ಕರಲ್ಲಿ ಒಂದು ಪಾಲು. ಮೂರು ಕಾಲಿನ ಪೀಠಕ್ಕೆ ಮುಕ್ಕಾಲಿ, ಮೂರು ಪಾಲಿಗೆ ಮುಕ್ಕಾಲು. ಮುಳ್ಳೂ ಕಾಲೂ ಮುಖವೂ ಇರುವ ಈ ಪ್ರಾಣಿಯ ಚಿತ್ರವನ್ನು ಅವಳು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದ್ದಾಳೆ.

ಈ ಕಾಲು, ಅರೆ, ಮುಕ್ಕಾಲುಗಳಿಗೆ ಈಗ ಉಳಿದಿರುವ ಗಟ್ಟಿ ನೆಲೆ ಗಡಿಯಾರವೊಂದೇ ಎಂಬುದು ಹೇಳಿಕೊಡಲು ಕುಳಿತಾಗಲೇ ನಮಗೆ ಮನದಟ್ಟಾದದ್ದು. ನಮ್ಮ ಬಾಲ್ಯದಲ್ಲಿ ಅವು ಎಲ್ಲೆಲ್ಲೂ ಇದ್ದವು. ರೂಪಾಯಿಗೆ ಹದಿನಾರು ಆಣೆ ಇದ್ದ ಕಾಲ 1957ರಲ್ಲಿ ದಶಮಾಂಶ ನಾಣ್ಯಗಳೊಂದಿಗೆ ಮುಗಿದರೂ ಬಾಯಲ್ಲಿ ನಾಲ್ಕಾಣೆ, ಎಂಟಾಣೆ ಉಳಿದುಕೊಂಡಿದ್ದವು. ಕಾಲು ರೂಪಾಯಿಯ ನಾಣ್ಯ ಅಂಗಿಯ ಕಿಸೆಯಲ್ಲಿ ಇದ್ದಷ್ಟು ಕಾಲ ‘ಕಾಲು’ ಎಂಬುದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. 25 ಪೈಸೆಯ ಆ ನಾಣ್ಯ 2011ರ ಜೂನ್ 30ರೊಂದಿಗೆ ಚಲಾವಣೆಯಿಂದ ಹೋಯಿತು. ತೂಕ ಗ್ರಾಮಿಗೆ, ಬಟ್ಟೆ ಮೀಟರಿಗೆ ಹೋಯಿತು. ಹದಿನಾರರಲ್ಲಿ ಒಂದು ಪಾಲಾದ ‘ವೀಸ’ವಂತೂ ಗಾದೆಗಳಿಗೂ ನಿಘಂಟಿಗೂ ಸೇರಿಹೋಗಿದೆ. ಎದುರು ಮನೆಯ ಆಜಿಯವರಿಗೂ ಇದೇ ಕೊರಗು. ಅವರು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಪಾವಕಿ, ನಿಮಕಿ, ದಿಡಕಿಗಳನ್ನು, ಅಂದರೆ ಕಾಲು, ಅರೆ, ಒಂದೂವರೆಗಳ ಮಗ್ಗಿಗಳನ್ನು, ಈಗ ಕೇಳುವವರಿಲ್ಲ. ನಮ್ಮ ಸಂಘದ ಕಾರ್ಯಕ್ರಮಗಳಿಗೆ ಬರುವ ಕನ್ನಡದ ಮಕ್ಕಳನ್ನು ಹೊತ್ತು ಕೇಳಿದರೆ ‘ಥ್ರೀ ಫಾರ್ಟಿಫೈವ್’ ಎಂಬ ಉತ್ತರ ಬರುತ್ತದೆ. ಉತ್ತರ ಸರಿಯೇ. ಆದರೆ ಅದರಲ್ಲಿ ನಲವತ್ತೈದು ಎಂಬ ಸಂಖ್ಯೆ ಇದೆ; ಮೂರು ಪಾಲು ಕಳೆದು ಒಂದು ಪಾಲು ಉಳಿದಿದೆ ಎಂಬ ನೋಟವಿಲ್ಲ.

ಮೂರೂ ಮುಕ್ಕಾಲಿನಲ್ಲಿಯೇ ಇಡೀ ವಿದ್ಯೆಯ ಗಂಟು ಇರುವುದು. ಮಕ್ಕಳಿಗೆ ಹೊತ್ತು ಹೇಳಿಕೊಟ್ಟ ಯಾರಿಗೂ ಇದು ಗೊತ್ತು. ಮೂರು ಗಂಟೆ ಸುಲಭ, ಮೂರೂ ಕಾಲು ಸುಲಭ, ಮೂರೂವರೆಯನ್ನೂ ದಾಟಬಹುದು. ಮುಕ್ಕಾಲಿಗೆ ಬಂದಾಗ ಚಿಕ್ಕ ಮುಳ್ಳು ನಾಲ್ಕಕ್ಕೆ ಆತುಕೊಂಡೇ ಇರುತ್ತದೆ. ಮಗು ‘ನಾಲ್ಕೂ ಮುಕ್ಕಾಲು’ ಎನ್ನುತ್ತದೆ. ಕಣ್ಣಿಗೆ ಹತ್ತಿರವಿರುವುದು ನಾಲ್ಕೇ, ಮಗುವಿನ ತಪ್ಪೇನು? ಇಲ್ಲಿ ಕನ್ನಡ ಕೈಹಿಡಿಯಿತು. ಮುಳ್ಳು ನಾಲ್ಕರ ಹೊಸ್ತಿಲಲ್ಲಿದ್ದರೂ ಒಳಗೆ ಕಾಲಿಟ್ಟಿಲ್ಲ. ಮೂರರ ಮನೆಯಲ್ಲಿ ಮುಕ್ಕಾಲು ಪಾಲು ನಡೆದಿದೆ. ಆದ್ದರಿಂದ ಮೂರು, ಮೇಲೆ ಮುಕ್ಕಾಲು. ಒಂದು ವಾರ ಒಂಟಿ ಮುಳ್ಳಿನೊಂದಿಗೆ ಆಡಿದ್ದು ಆಗ ಉಪಯೋಗಕ್ಕೆ ಬಂತು. ‘ಯಾವ ಮನೆ ಬಿಟ್ಟಿದೆ?’ ಎಂದು ಕೇಳಿದರೆ ಸಾಕು, ಅವಳು ಮೂರಕ್ಕೆ ಮರಳುತ್ತಿದ್ದಳು.

ಅಷ್ಟರಲ್ಲಿ ಮೂರು ಭಾಷೆಗಳು ಒಟ್ಟಿಗೆ ಮುತ್ತಿದವು. ಶಾಲೆಯಲ್ಲಿ ಅದು ‘ಕ್ವಾರ್ಟರ್ ಟು ಫೋರ್’. ಆಜಿಯವರ ಮನೆಯಲ್ಲಿ ‘ಪಾವಣೆ ಚಾರ್’, ಎಂದರೆ ಕಾಲು ಕಡಿಮೆ ನಾಲ್ಕು. ನಮ್ಮಲ್ಲಿ ಮೂರೂ ಮುಕ್ಕಾಲು. ಎರಡು ಭಾಷೆಗಳು ನಾಲ್ಕು ಎನ್ನುತ್ತವೆ, ಒಂದು ಮೂರು ಎನ್ನುತ್ತದೆ. ಮಗು ಮೂರು ದಿನ ನಮ್ಮನ್ನು ಕಾಡಿತು: ಯಾವುದು ಸರಿ? ಮುಳ್ಳು ಇರುವುದು ಒಂದೇ ಕಡೆ. ಕೆಲವರು ಬರಬೇಕಾದ ಗಂಟೆಯನ್ನು ನೋಡಿ ಹೇಳುತ್ತಾರೆ, ನಾವು ಕಳೆದ ಗಂಟೆಯನ್ನು ಹಿಡಿದು ಹೇಳುತ್ತೇವೆ ಎಂದು ವಿವರಿಸಿದೆವು. ಕನ್ನಡಕ್ಕೆ ಮುಂದೆ ನೋಡಲು ಬಾರದು ಎಂದಲ್ಲ. ‘ನಾಲ್ಕಕ್ಕೆ ಹತ್ತು ನಿಮಿಷವಿದೆ’ ಎಂದು ನಾವೂ ಹೇಳುತ್ತೇವೆ. ಆದರೆ ಪಾಲಿನ ಲೆಕ್ಕಕ್ಕೆ ಬಂದಾಗ ಕನ್ನಡ ಗಂಟೆಯನ್ನು ಕೊನೆಯವರೆಗೆ ಬಿಟ್ಟುಕೊಡುವುದಿಲ್ಲ. ಮುಗಿಯುವ ತನಕ ಮೂರು ಮೂರೇ.

ಒಂದೇ ಹೊತ್ತಿಗೆ ಹಲವು ಹೆಸರಿರುವುದು ಈ ಪ್ರದೇಶಕ್ಕೆ ಹೊಸತಲ್ಲ ಎಂದು ನಾವು ನಮ್ಮೊಳಗೆ ನಕ್ಕೆವು. ಹಿಂದೆ ಇಲ್ಲಿ ಹೊತ್ತೇ ಎರಡಿದ್ದವು. 1853ರ ಏಪ್ರಿಲ್ 16ರ ಮಧ್ಯಾಹ್ನ ಮೂರೂವರೆಯ ಸುಮಾರಿಗೆ ಬೋರಿಬಂದರಿನಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಹೊರಟಿತು. ಮರುವರ್ಷ, 1854ರ ಮೇ ತಿಂಗಳಲ್ಲಿ, ಹಳಿ ಕಲ್ಯಾಣ್‌ವರೆಗೆ ಬಂತು. ರೈಲು ಉದ್ದವಾದಂತೆ ಊರೂರಿನ ಸೂರ್ಯನ ಹೊತ್ತು ಅದಕ್ಕೆ ಸಾಲದಾಯಿತು. ಮುಂದೆ ರೈಲ್ವೆಯವರು ಮದರಾಸಿನ ಸಮಯವನ್ನು ಇಟ್ಟುಕೊಂಡರು. ಅದು ಮುಂಬಯಿಯ ಸಮಯಕ್ಕಿಂತ ಸುಮಾರು ಅರ್ಧ ಗಂಟೆ ಮುಂದೆ. ಪೇಟೆಯಲ್ಲಿ ಮೂರೂ ಕಾಲು ಆಗಿದ್ದರೆ ಸ್ಟೇಷನ್ನಿನಲ್ಲಿ ಮೂರೂ ಮುಕ್ಕಾಲು. ಹಳಿ ದಾಟಿದರೆ ಹೊತ್ತೂ ದಾಟುತ್ತಿತ್ತು. 1881ರಲ್ಲಿ ಸರಕಾರ ಮದರಾಸು ಸಮಯವನ್ನು ಊರ ಮೇಲೂ ಹೇರಲು ನೋಡಿ, ವಿರೋಧಕ್ಕೆ ಮಣಿದು ಹಿಂದೆಗೆಯಿತು. 1906ರ ಜನವರಿ 1ರಂದು ಇಡೀ ದೇಶಕ್ಕೆ ಒಂದೇ ಸಮಯ ಬಂದಾಗ ಮುಂಬಯಿಯವರು ಗಡಿಯಾರವನ್ನು 39 ನಿಮಿಷ ಮುಂದಕ್ಕೆ ತಳ್ಳಬೇಕಾಯಿತು. ನಸುಕಿನಲ್ಲಿ ಇನ್ನೂ 39 ನಿಮಿಷ ಬೇಗ ಏಳಬೇಕೆಂದು ಗಿರಣಿ ಕಾರ್ಮಿಕರು ಸಿಟ್ಟಿಗೆದ್ದರು. ನಗರದ ಹಲವರು ‘ಬಾಂಬೆ ಟೈಮ್’ ಅನ್ನು ಸ್ವಾತಂತ್ರ್ಯ ಬರುವವರೆಗೂ, ಅದರ ನಂತರವೂ ಕೆಲವು ವರ್ಷ ಬಿಡಲಿಲ್ಲ. ಹೊತ್ತು ಹೇಳುವ ರೀತಿ ಎಂದರೆ ತಮ್ಮದೆಂದು ಹಿಡಿದುಕೊಳ್ಳುವ ಒಂದು ನೆಲೆ ಎಂಬುದು ಈ ಊರಿನವರಿಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಜನ ಈ ನಗರಕ್ಕೆ ಬಂದಾಗ ಅವರ ಹೊತ್ತು ಬೇರೆಯವರ ಕೈಯಲ್ಲಿತ್ತು. ಕರಾವಳಿಯಿಂದ ಹುಡುಗರಾಗಿ ಬಂದು ಹೋಟೆಲುಗಳಲ್ಲಿ ಲೋಟ ತೊಳೆದವರಿಗೆ ಬೆಳಗು ಎಂದರೆ ಹೋಟೆಲಿನ ಬಾಗಿಲು ತೆರೆಯುವುದು, ರಾತ್ರಿ ಎಂದರೆ ಅದು ಮುಚ್ಚುವುದು. ಕನ್ನಡ ಸಂಘಸಂಸ್ಥೆಗಳು ಅವರಿಗಾಗಿ ರಾತ್ರಿ ಶಾಲೆಗಳನ್ನು ನಡೆಸಿದವು. ಅಲ್ಲಿ ಅಕ್ಷರ, ಲೆಕ್ಕ ಕಲಿತು ಮುಂದೆ ಬಂದವರ ಮಕ್ಕಳು ಮೊಮ್ಮಕ್ಕಳು ಇಂದು ಈ ಉಪನಗರಗಳ ತುಂಬ ಇದ್ದಾರೆ. ಮೊದಲ ಸಂಬಳದ ಉಳಿತಾಯದಲ್ಲಿ ಒಂದು ಕೈಗಡಿಯಾರ ಕೊಳ್ಳುವುದು ಆ ಪೀಳಿಗೆಗೆ ಹಬ್ಬವಾಗಿತ್ತು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಿಂದ ಬೆಂಗಳೂರಿನಲ್ಲಿ ತಯಾರಾಗತೊಡಗಿದ ಎಚ್‌ಎಂಟಿ ಗಡಿಯಾರವನ್ನು ಕಟ್ಟಿಕೊಂಡರೆ ಊರನ್ನೇ ಮಣಿಕಟ್ಟಿಗೆ ಕಟ್ಟಿಕೊಂಡ ಭಾವ. ನಮ್ಮ ಮನೆಯಲ್ಲೂ ಅಂಥದೊಂದು ಇದೆ. ಬೆಳಿಗ್ಗೆ ಅದಕ್ಕೆ ಕೀಲಿ ಕೊಡುವ ಹಕ್ಕು ಈಗ ಮೊಮ್ಮಗಳದು. ಕೀಲಿ ಕೊಟ್ಟು ಕಿವಿಗೆ ಹಿಡಿದು ‘ಎದ್ದಿದೆ’ ಎಂದು ವರದಿ ಕೊಡುತ್ತಾಳೆ.

ಎರಡು ತಿಂಗಳಲ್ಲಿ ಅವಳಿಗೆ ಹೊತ್ತು ಬಂತು. ಅರುವತ್ತೇ ಏಕೆ, ನೂರು ಏಕಲ್ಲ ಎಂದು ಕೇಳಿದಾಗ ಎರಡು, ಮೂರು, ನಾಲ್ಕು, ಐದು, ಆರು ಮಂದಿಗೆ ಶೇಷವಿಲ್ಲದೆ ಹಂಚಬಹುದಾದ ಸಂಖ್ಯೆ ಅದು ಎಂದು ಗೋಲಿಗಳನ್ನು ಹಂಚಿ ತೋರಿಸಿದೆವು. ಹಿಂದಿನವರು ದಿನವನ್ನೂ ಅರುವತ್ತು ಗಳಿಗೆಗಳಾಗಿ ಹಂಚಿದ್ದರು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ಮುಳುಗುವ ಹೊತ್ತಿಗೆ ಒಂದು ಗಳಿಗೆ, ನಮ್ಮ ಲೆಕ್ಕದಲ್ಲಿ 24 ನಿಮಿಷ. ಒಂದು ಗಂಟೆಗೆ ಎರಡೂವರೆ ಗಳಿಗೆ. ‘ಹಾಗಾದರೆ ಅಮ್ಮ ಥಾಣೆಯಿಂದ ಬರುವುದು ಒಂದು ಬಟ್ಟಲು’ ಎಂದು ಅವಳೇ ಲೆಕ್ಕ ಹಾಕಿದಳು.

ಸಂಜೆಗಳು ಬದಲಾದವು. ‘ಯಾವಾಗ ಬರುತ್ತಾಳೆ’ ಎಂಬ ಪ್ರಶ್ನೆ ನಿಂತಿತು. ಐದೂವರೆಗೆ ಹಾಲು, ಆರರವರೆಗೆ ಅಂಗಳ, ಆರೂ ಮುಕ್ಕಾಲಿಗೆ ದೀಪ; ಮುಳ್ಳು ಸರಿಯುವುದನ್ನು ಓರೆಗಣ್ಣಿನಲ್ಲಿ ನೋಡುತ್ತ ತನ್ನ ಪಾಡಿಗೆ ಆಡುತ್ತಿದ್ದಳು. ಕಾಯುವುದು ಅವಳಿಗೆ ಈಗ ಒಂದು ದಾರಿಯ ಹಾಗೆ. ಎಲ್ಲಿದ್ದೇನೆ ಎಂಬುದು ಗೊತ್ತಿತ್ತು.

ಜುಲೈ ತಿಂಗಳ ಒಂದು ದಿನ ಮಳೆ ಬಿಡಲಿಲ್ಲ. ಹಳಿಗಳ ಮೇಲೆ ನೀರು ನಿಂತು ಗಾಡಿಗಳು ನಿಂತಲ್ಲೇ ನಿಂತವು. ಏಳೂ ಕಾಲು ಕಳೆಯಿತು. ಥಾಣೆಯಿಂದ ಮಗಳ ಫೋನು ಬಂತು. ಮಗು ಕೈಯಿಂದ ಕಸಿದುಕೊಂಡು ‘ಗಂಟೆ ಹೇಳು’ ಎಂದಿತು. ‘ಒಂಬತ್ತು ಗಂಟೆಗೆ ಬರುತ್ತೇನೆ ಪುಟ್ಟಿ’ ಎಂದಳು ಮಗಳು. ಆ ಮೇಲೆ ಫೋನು ಹತ್ತಲಿಲ್ಲ.

ಈ ಸಾಲಿನ ಪಟ್ಟಣಗಳಲ್ಲಿ ಮಳೆಗಾಲದ ಕಾಯುವಿಕೆಗೆ ಒಂದು ಚರಿತ್ರೆಯೇ ಇದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದಾಗ, ಹೋದವರು ಮರಳಿದ್ದು ಮರುದಿನ, ಕೆಲವರು ಹಳಿಗುಂಟ ನಡೆದು. ಆ ರಾತ್ರಿ ನಮ್ಮಲ್ಲೊಬ್ಬರು ಮುಂಬಯಿಯಲ್ಲಿ ಸಿಕ್ಕಿಕೊಂಡಿದ್ದರು, ಇನ್ನೊಬ್ಬರು ಮನೆಯಲ್ಲಿ ಇದೇ ಗಡಿಯಾರದ ಕೆಳಗೆ ಕುಳಿತಿದ್ದರು. ಹೊತ್ತು ಗೊತ್ತಿರುವುದು ಎಂಥ ಭಾರ ಎಂಬುದು ಆ ರಾತ್ರಿ ಕಳೆದವರಿಗೆ ತಿಳಿದಿದೆ. ಈಗ ಆ ಭಾರ ಆರು ವರ್ಷದ ಮಗುವಿನ ಮುಖದಲ್ಲಿ ಕಾಣುತ್ತಿತ್ತು. ಗಡಿಯಾರ ಬಾರದಿದ್ದ ಕಾಲದಲ್ಲಾಗಿದ್ದರೆ ‘ಇನ್ನೇನು ಬಂದಳು’ ಎಂದು ತಟ್ಟಿ ಮಲಗಿಸಬಹುದಿತ್ತು. ಒಂಬತ್ತು ಆಯಿತು. ಒಂಬತ್ತೂ ಕಾಲು. ಒಂಬತ್ತೂವರೆ. ಅವಳು ಸೋಫಾದ ಮೇಲೆ ಕಾಲು ಮಡಚಿ ಮುಳ್ಳನ್ನೇ ನೋಡುತ್ತಿದ್ದಳು.

ಎದುರು ಮನೆಯ ಆಜಿಯವರು ವಿಚಾರಿಸಲು ಬಂದರು. ಮಗು ಎದ್ದಿರುವುದನ್ನು ಕಂಡು ಕೆನ್ನೆ ಸವರಿ, ‘ಪಾವಣೆ ದಹಾ ಝಾಲೆ, ಝೋಪ ಆತಾ ಬಾಳಾ’ ಎಂದರು. ಕಾಲು ಕಡಿಮೆ ಹತ್ತಾಯಿತು, ಮಲಗು ಮಗೂ ಎಂದು. ಮಗು ತಲೆ ಕೊಡವಿತು. ‘ಹತ್ತು ಅಲ್ಲ. ಒಂಬತ್ತೂ ಮುಕ್ಕಾಲು. ಅಮ್ಮ ಒಂಬತ್ತು ಅಂದಿದ್ದಾಳೆ. ಒಂಬತ್ತು ಇನ್ನೂ ಮುಗಿದಿಲ್ಲ.’

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ವ್ಯಾಕರಣವೆಂದು ಹೇಳಿಕೊಟ್ಟಿದ್ದನ್ನು ಅವಳು ಊರುಗೋಲು ಮಾಡಿಕೊಂಡಿದ್ದಳು. ಕೊಟ್ಟ ಮಾತಿಗೆ ಇನ್ನೂ ಹದಿನೈದು ನಿಮಿಷದ ಜಾಗ ಅವಳ ಕನ್ನಡದಲ್ಲಿತ್ತು.

ಹತ್ತು ಆದಾಗ ಅವಳು ಏನೂ ಹೇಳಲಿಲ್ಲ. ಮಗಳು ಬಂದದ್ದು ಹತ್ತು ಇಪ್ಪತ್ತಕ್ಕೆ, ಮೊಣಕಾಲವರೆಗೆ ಒದ್ದೆಯಾಗಿ. ಮಗು ಅಳಲಿಲ್ಲ, ಗಡಿಯಾರವನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿ, ‘ಹತ್ತು ಇಪ್ಪತ್ತು’ ಎಂದಿತು, ಪ್ಲಾಟ್‌ಫಾರ್ಮಿನಲ್ಲಿ ದೊಡ್ಡವರು ಗಾಡಿಯನ್ನು ಗುರುತಿಸುವ ದನಿಯಲ್ಲಿ. ಅನಂತರ ಅಮ್ಮನ ಒದ್ದೆ ದುಪಟ್ಟಾದಲ್ಲಿ ಮುಖ ಹುದುಗಿಸಿತು.

ಅಂದಿನಿಂದ ನಮ್ಮ ಮಗಳು ಫೋನಿನಲ್ಲಿ ‘ಈಗ ಬಂದೆ’ ಎನ್ನುವುದನ್ನು ಬಿಟ್ಟಿದ್ದಾಳೆ. ಎಲ್ಲಿದ್ದೇನೆ, ಯಾವ ಗಾಡಿ, ಎಷ್ಟು ತಡ ಎಂದು ಹೇಳುತ್ತಾಳೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತಾಳೆ. ಹೊತ್ತು ಬಲ್ಲ ಮಗುವಿಗೆ ಮನೆಯವರು ಇಷ್ಟು ಮರ್ಯಾದೆ ಕೊಡಲೇಬೇಕಾಗುತ್ತದೆ. ಚಿಂತೆಯೂ ಆ ವಿದ್ಯೆಯ ಜೊತೆಗೇ ಬರುತ್ತದೆ ಎಂಬುದು ನಿಜ. ಆದರೆ ಹೊತ್ತು ತಿಳಿಯದವರು ಇನ್ನೊಬ್ಬರ ‘ಈಗ’ವನ್ನು ನಂಬಿ ಕೂರಬೇಕು, ತಿಳಿದವರು ತಮ್ಮ ಕಾಯುವಿಕೆಯನ್ನು ತಾವೇ ಪಾಲು ಮಾಡಿಕೊಂಡು ಹೊರಬಲ್ಲರು. ರೈಲಿನ ಮೇಲೆ ಬದುಕು ಕಟ್ಟಿಕೊಂಡ ಊರಿನ ಮಗುವಿಗೆ ಎರಡನೆಯದು ಬೇಕು.

ಹೊರನಾಡಿನಲ್ಲಿ ಮಕ್ಕಳನ್ನೋ ಮೊಮ್ಮಕ್ಕಳನ್ನೋ ಬೆಳೆಸುತ್ತಿರುವ ಓದುಗರಲ್ಲಿ ನಮ್ಮದೊಂದು ಕೋರಿಕೆ. ಮನೆಯ ಗೋಡೆಯ ಮೇಲೆ ಮುಳ್ಳಿನ ಗಡಿಯಾರ ಒಂದಿರಲಿ. ಅಕ್ಷರಮಾಲೆ ಆಗಲಿಲ್ಲ, ಪದ್ಯ ಬಾಯಿಪಾಠ ಬರಲಿಲ್ಲ ಎಂದು ಕೊರಗುವ ಮುಂಚೆ ದಿನಕ್ಕೆರಡು ಸಲ ‘ಗಂಟೆ ಎಷ್ಟಾಯಿತು?’ ಎಂದು ಕೇಳಿ, ಉತ್ತರವನ್ನು ಕಾಲು, ಅರೆ, ಮುಕ್ಕಾಲುಗಳಲ್ಲಿಯೇ ಕೇಳಿಸಿಕೊಳ್ಳಿ. ಶಾಲೆಯ ಇಂಗ್ಲಿಷಿಗೂ ಎದುರು ಮನೆಯ ಭಾಷೆಗೂ ಅದರಿಂದ ಬಾಧಕವಿಲ್ಲ. ನಮ್ಮವಳು ಈಗ ಶಾಲೆಯ ಪುಸ್ತಕದಲ್ಲಿ ‘ಕ್ವಾರ್ಟರ್ ಟು’ ಬರೆಯುತ್ತಾಳೆ, ಆಜಿಯವರಿಗೆ ‘ಪಾವಣೆ’ ಹೇಳುತ್ತಾಳೆ. ನಮ್ಮ ಬಾಗಿಲು ದಾಟುತ್ತಿದ್ದಂತೆ ಒಂದು ಗಂಟೆ ಹಿಂದಕ್ಕೆ ಬಂದು ಮುಕ್ಕಾಲು ಸೇರಿಸುತ್ತಾಳೆ. ಕಳೆದ ವಾರ ಗೋಡೆ ಗಡಿಯಾರ ನಿಂತಿತ್ತು. ನಮ್ಮಿಬ್ಬರಿಗೂ ಗೊತ್ತಾಗಿರಲಿಲ್ಲ. ಶಾಲೆಯಿಂದ ಬಂದವಳು ಚೀಲ ಇಳಿಸುವ ಮೊದಲೇ ಕೇಳಿದಳು: ‘ಅಜ್ಜಾ, ಬೆಳಗಿನಿಂದ ನೀವು ಯಾರನ್ನೂ ಕಾಯಲೇ ಇಲ್ಲವಾ?’